ಮಂಡಳದ ಕಾರಿನ ರೇಡಿಯೋ ಖಾಯಂ ಆದದ್ದು

ಖಾನಾಪುರ ತಾಲೂಕು ಹಂಚು ಮತ್ತು ಗಡಿಗೆ ಸುಧಾರಣಾ ಮಹಾಮಂಡಳವು ಸ್ಥಾಪನೆಯಾದಂದಿನಿಂದ ನಿಯಮ ಮೀರಿ ಒಂದೇ ಒಂದು ಕೆಲಸವನ್ನೂ ಮಾಡಿಲ್ಲ. ನಿಯಮದ ಒಳಗೆ ಎಷ್ಟು ಕೆಲಸ ಮಾಡಿದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬೇರೆ ಉಪಸಮಿತಿ ಇದೆ. ಮಂಡಳದ ಹಿರಿಯ ಕಾರಕೂನನಾದ ನಾನು ಇದನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ೧೯೮೮ರ ನವರಾತ್ರಿಯಲ್ಲಿ ಶುರುವಾದ ಕಾರು ರೇಡಿಯೋ ಪ್ರಕರಣದ ಬಗ್ಗೆ ರೇಲ್ವೆ ಸ್ಟೇಶನ್ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತವರು ಬಾಯಿಗೆ ಬಂದದ್ದು ಮಾತಾಡುತ್ತಾರೆ, ಮೇಲೆ ನಗುತ್ತಾರೆ. ಅವರಲ್ಲಿ ಒಬ್ಬನೂ ನಮ್ಮ ನಿಯಮಾವಳಿ ಓದಿದವನಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತೇನೆ.

ಮೊದಲು ಕಾರಿನ ವಿಷಯ. ಪರದೇಶದ ಒಂದು ಕಂಪನಿಯಿಂದ ಮಂಡಳವು ಹಂಚು ಒತ್ತುವ ದೊಡ್ಡ ಯಂತ್ರವನ್ನು ಕೊಂಡಿತ್ತು. ಯಂತ್ರ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಶೆಡ್ಡಿನಲ್ಲಿ ಕಟ್ಟಿಗೆಯ ಪೆಟ್ಟಿಗೆಯ ಸಮೇತ ಕ್ಷೇಮವಾಗಿದೆ. ಪೆಟ್ಟಿಗೆ ಒಡೆದರೆ ಒಳಗೆ ಧೂಳು ಹೋಗುತ್ತದೆ, ಯಂತ್ರ ನಡೆಸಿದರೆ ಸವೆಯುತ್ತದೆ ಎಂದು ತಜ್ಞರ ಅಭಿಪ್ರಾಯ ಬಂದದ್ದರಿಂದ ಅದನ್ನು ಇನ್ನೂ ಬಿಚ್ಚಿಲ್ಲ. ಯಂತ್ರ ಮಾರಿದ ಸಂತೋಷಕ್ಕೆ ಕಂಪನಿಯವರು ನಮ್ಮ ಅಧ್ಯಕ್ಷರಾದ ಚನ್ನಬಸಯ್ಯನವರಿಗೆ ಒಂದು ಕಾರು ಕಳಿಸಿದರು. ಅಧ್ಯಕ್ಷರು ಸ್ವಂತಕ್ಕೆ ಕಾಣಿಕೆ ಮುಟ್ಟುವ ಜಾತಿಯವರಲ್ಲ. ಕಾರನ್ನು ಅಲ್ಲಿಂದಲೇ ಮಂಡಳಕ್ಕೆ ಅರ್ಪಿಸಿ, ಮಂಡಳದ ಪರವಾಗಿ ಅದರಲ್ಲಿ ಓಡಾಡುವ ಹೊಣೆಯನ್ನಷ್ಟೇ ತಾವು ಹೊತ್ತರು. ಪೆಟ್ರೋಲಿನ ಹೊಣೆ ಮಂಡಳಕ್ಕೆ ಬಂತು.

ಆ ಕಾರಿಗೆ ಕಾರ್ಖಾನೆಯಲ್ಲೇ ಕೂಡಿಸಿದ ರೇಡಿಯೋ ಇತ್ತು. ಅಧ್ಯಕ್ಷರಿಗೆ ಎಂಜಿನ್ನಿಗಿಂತ ಆ ರೇಡಿಯೋ ಮೇಲೆ ಜೀವ. ಯಾರ ಮನೆಗೆ ಹೋದರೂ ಗಾಜು ಇಳಿಸಲು ಹೇಳಿ, ಧಾರವಾಡ ಕೇಂದ್ರವನ್ನು ದೊಡ್ಡದಾಗಿ ಹಚ್ಚಿಸಿ, ಓಣಿಯ ಜನ ಹೊರಗೆ ಬಂದು ನಿಂತ ಮೇಲೆಯೇ ಕೆಳಗೆ ಇಳಿಯುತ್ತಿದ್ದರು. ಹಚ್ಚುವವನು ಚಾಲಕ ಬಾಳಪ್ಪ. ಅಧ್ಯಕ್ಷರು ತಾವಾಗಿ ಹಚ್ಚುವಂತಿರಲಿಲ್ಲ, ಏಕೆಂದರೆ ಮಂಡಳದ ವಾಹನ ನಿಯಮಾವಳಿಯ ಏಳನೆಯ ನಿಯಮ ಹೀಗಿದೆ: ‘ವಾಹನದೊಳಗಿನ ಯಾವುದೇ ಗುಂಡಿ, ತಿರುಪು, ಹಿಡಿಕೆಯನ್ನು ಚಾಲಕನ ಹೊರತು ಅನ್ಯರು ಮುಟ್ಟತಕ್ಕದ್ದಲ್ಲ.’ ಹಿಂದಿನ ಅಧ್ಯಕ್ಷರು ಜೀಪಿನ ಕೈಬ್ರೇಕನ್ನು ತಮ್ಮ ಛತ್ರಿಯೆಂದು ತಿಳಿದು ಬಿಡಿಸಿಕೊಳ್ಳಲು ಹೋಗಿ, ಜೀಪು ನೆಟ್ಟಗೆ ಮಲಪ್ರಭೆಗೆ ಇಳಿದಿತ್ತು. ಆಗ ಮಾಡಿದ ನಿಯಮ ಅದು.

ಇನ್ನು ಬಾಳಪ್ಪ. ಮಂಡಳ ಹುಟ್ಟಿದಾಗಿನಿಂದ ದಿನಗೂಲಿಯ ಮೇಲೆ ಇದ್ದವನು. ಅವನ ಮಗಳು ಮಾಯಕ್ಕನಿಗೆ ಬೆಳಗಾವಿ ಮಹಾಂತೇಶ ನಗರದ ಗುರುಪುತ್ರಪ್ಪನವರ ಮಗನೊಂದಿಗೆ ಮದುವೆಯ ಮಾತು ನಡೆದಿತ್ತು. ಗುರುಪುತ್ರಪ್ಪನವರು ಇಡೀ ಆಯುಷ್ಯವನ್ನು ಕಚೇರಿಯಲ್ಲಿ ಕಳೆದು ನಿವೃತ್ತರಾದವರು. ಅವರು ಬಂಗಾರ ಕೇಳಲಿಲ್ಲ, ಗಡಿಯಾರ ಕೇಳಲಿಲ್ಲ. “ಬೀಗರಾಗೋರಿಗೆ ಖಾಯಂ ಆರ್ಡರ್ ಆಗಿರಬೇಕು, ಅದರ ಮ್ಯಾಲಿನ ಶಿಕ್ಕಾ-ಮೊಹರ ನಿಚ್ಚಳ ಇರಬೇಕು. ಶಿವರಾತ್ರಿ ಒಳಗ ತಂದು ತೋರಸ್ರಿ” ಎಂದಿದ್ದರು, ಅಷ್ಟೇ. ಮಾಯಕ್ಕನಿಗೂ ಆ ಹುಡುಗನೇ ಮನಸ್ಸಿಗೆ ಬಂದಿದ್ದ. ಇದನ್ನು ಬಾಳಪ್ಪ ನನ್ನ ಮೇಜಿನ ಮುಂದೆ ನಿಂತು ಹೇಳುವಾಗ ಅವನ ದನಿ ಸಣ್ಣದಾಯಿತು. ನಾನೂ ಹೆಣ್ಣು ಹೆತ್ತವನು, ನನಗೂ ಸಂಕಟವಾಯಿತು. ವಿಜಯದಶಮಿಗೆ ಬನ್ನಿ ಕೊಡುವ ದಿನ ಆರ್ಡರಿಗೆ ಸಹಿ ಮಾಡುತ್ತೇನೆಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ನಾನು ಆರ್ಡರನ್ನು ಟೈಪ್ ಮಾಡಿ ಸಿದ್ಧ ಇಟ್ಟಿದ್ದೆ.

ಬನ್ನಿಯ ಹಿಂದಿನ ದಿನ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಬೇರೆ ಕಚೇರಿಗಳಲ್ಲಿ ಗಾಡಿಗೆ ಎರಡು ತಂಬಿಗೆ ನೀರು ಹಾಕಿ, ಬಾನೆಟ್ಟಿಗೆ ಒಂದು ಹಾರ ಹಾಕಿ ಮುಗಿಸುತ್ತಾರೆ. ಬಾಳಪ್ಪ ಹಾಗಲ್ಲ. ಕಾರಿನ ಶಕ್ತಿಯೆಲ್ಲ ಬ್ಯಾಟರಿಯಲ್ಲಿರುವಾಗ ತಗಡಿಗೆ ಪೂಜೆ ಮಾಡಿ ಏನು ಬಂತು ಎಂದು ಬ್ಯಾಟರಿಯನ್ನು ಬಿಚ್ಚಿ ಹೊರತೆಗೆದು, ಒರೆಸಿ, ಮಣೆಯ ಮೇಲೆ ಕೂಡ್ರಿಸಿ, ವಿಭೂತಿ ಬಳಿದು ಚೆಂಡುಹೂ ಏರಿಸಿದ. ಅಧ್ಯಕ್ಷರೇ ಬಂದು ಕಾಯಿ ಒಡೆದು ಅದಕ್ಕೆ ಕೈಮುಗಿದರು. ಸಂಜೆ ಬ್ಯಾಟರಿಯನ್ನು ಭಕ್ತಿಯಿಂದ ತಿರುಗಿ ಕೂಡಿಸಲಾಯಿತು.

ಮರುದಿನ ಅಧ್ಯಕ್ಷರು ಹೊಸ ಪಟಕಾ ಸುತ್ತಿಕೊಂಡು ಬನ್ನಿ ಕೊಡಲು ಹೊರಟು ಕಾರಿನಲ್ಲಿ ಕುಳಿತರು. ಬಾಳಪ್ಪ ರೇಡಿಯೋ ಹಚ್ಚಿದ. ಧಾರವಾಡ ಬರಲಿಲ್ಲ. ಹಸಿರು ಬೆಳಕಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ ಬಂದವು.

“ಏನೋ ಬಾಳಪ್ಪ ಇದು?”

“ಏನೋ ಬರದೈತ್ರಿ ಸಾಹೇಬ್ರ. ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ.”

ಕಾರ್ಯದರ್ಶಿ ತ್ರ್ಯಂಬಕರಾಯರನ್ನು ಕರೆಸಲಾಯಿತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಒಂದೇ ರೀತಿ ಅನುಮಾನ ಪಡಬಲ್ಲ ವಿದ್ವಾಂಸರು ಅವರು. ಕಾರಿನ ಜೊತೆ ಬಂದ ಪುಸ್ತಕವನ್ನು ಅಲ್ಲೇ ನಿಂತು ಓದಿದರು.

“ಕೋಡ್ ಕೇಳಾಕತ್ತೈತ್ರಿ ಅಧ್ಯಕ್ಷರ. ನಾಕು ಅಂಕಿದು ಗುಪ್ತ ಸಂಖ್ಯಾ. ಬ್ಯಾಟರಿ ತಗದ ಕೂಡಲೇ ತನ್ನ ಯಾರೋ ಕಳವು ಮಾಡ್ಯಾರಂತ ಇದು ತಿಳಕೋತೈತಿ. ಸಂಖ್ಯಾ ಒತ್ತೂಮಟ ಬಾಯಿ ಬಿಡಂಗಿಲ್ಲ.”

“ನಾ ಕುಂತೇನಿ ಒಳಗ. ನನ್ನ ನೋಡಿ ಕಳವು ಅಂತೈತೇನ್ರಿ?”

“ಪರದೇಶದ್ದು ಐತ್ರಿ, ಅದಕ್ಕ ನಿಮ್ಮ ಪರಿಚಯ ಇಲ್ಲ.”

ಅಧ್ಯಕ್ಷರು ಪರಿಚಯ ಮಾಡಿಕೊಳ್ಳಲು ನಿರ್ಧರಿಸಿದರು. ಶರಣರಾದ ಅಮರಗಣಂಗಳು ಏಳುನೂರಾ ಎಪ್ಪತ್ತು. ಮುಂದೆ ಒಂದು ಸೊನ್ನೆ ಹಾಕಿ ಅದನ್ನೇ ಒತ್ತು ಎಂದರು. ಬಾಳಪ್ಪ ಒತ್ತಿದ, ರೇಡಿಯೋ ಒಪ್ಪಲಿಲ್ಲ. ನೂರಾ ಎಂಟು ಹಾಕಿ ನೋಡೋಣ ಎಂದು ತ್ರ್ಯಂಬಕರಾಯರು ಹೇಳಿದರು, ಅದಕ್ಕೂ ಒಪ್ಪಲಿಲ್ಲ. ಸಿಟ್ಟಿಗೆದ್ದ ಅಧ್ಯಕ್ಷರು ತಮ್ಮ ಟೆಲಿಫೋನ್ ನಂಬರನ್ನೇ ಒತ್ತಿಸಿದರು. ಆಗ ರೇಡಿಯೋ ಬೆಳಕನ್ನೂ ಆರಿಸಿಕೊಂಡು ಕುಳಿತಿತು. ತಪ್ಪು ಸಂಖ್ಯೆ ಬಹಳ ಸಲ ಒತ್ತಿದರೆ ಅದು ಸ್ವಲ್ಪ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲವೆಂದು ಪುಸ್ತಕದಲ್ಲಿ ಇತ್ತು.

ಅಧ್ಯಕ್ಷರು ಆ ವರ್ಷ ಗಾಜು ಏರಿಸಿಕೊಂಡು ಬನ್ನಿ ಕೊಡಲು ಹೋದರು. ಒಬ್ಬರೂ ಮನೆಯಿಂದ ಹೊರಗೆ ಬಂದು ನಿಲ್ಲಲಿಲ್ಲ. ತಿರುಗಿ ಬಂದವರೇ ನನ್ನ ಮೇಜಿನ ಮೇಲಿದ್ದ ಬಾಳಪ್ಪನ ಆರ್ಡರನ್ನು ಮಗುಚಿ ಇಟ್ಟರು. “ಈ ರೇಡಿಯೋ ಮಾತಾಡೂಮಟ ಈ ಫೈಲೂ ಮಾತಾಡಂಗಿಲ್ಲ” ಎಂದರು. ಬಾಳಪ್ಪ ಬನ್ನಿ ಎಲೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಕೊಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಗುಪ್ತ ಸಂಖ್ಯೆ ಮಾಲೀಕನ ಕಾಗದಪತ್ರಗಳಲ್ಲಿ ಇರುತ್ತದೆಂದು ಪುಸ್ತಕ ಹೇಳುತ್ತಿತ್ತು. ನಮ್ಮಲ್ಲಿ ಕಾಗದಪತ್ರ ಇರಲಿಲ್ಲ. ಸ್ನೇಹದ ಕಾಣಿಕೆಗೆ ಕಾಗದ ಇರುವುದಿಲ್ಲ. ಇದ್ದರೆ ಅದು ಕಾಣಿಕೆಯಾಗಿ ಉಳಿಯುವುದೂ ಇಲ್ಲ. ಹೀಗಾಗಿ ಕಂಪನಿಗೇ ಬರೆದೆವು. ಕಂಪನಿಯವರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು: ಕಾರು ಕಳವಿನದಲ್ಲ, ಈಗಲೂ ನಿಮ್ಮ ವಶದಲ್ಲಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ಕಳಿಸಿರಿ, ಸಂಖ್ಯೆ ಕಳಿಸುತ್ತೇವೆ.

ಅಧ್ಯಕ್ಷರು, ತ್ರ್ಯಂಬಕರಾಯರು ಮತ್ತು ನಾನು ಅದೇ ಕಾರಿನಲ್ಲಿ ಒಂದು ಪೊಲೀಸ್ ಠಾಣೆಗೆ ಹೋದೆವು. ಯಾವ ಠಾಣೆ ಎಂಬುದು ಈ ವರದಿಗೆ ಸಂಬಂಧಿಸಿದ್ದಲ್ಲ. ಫೌಜದಾರರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಕಂಪನಿಯ ಪತ್ರದ ಸಾರಾಂಶ ಕೇಳಿಕೊಂಡರು.

“ಕಳವಾಗಿಲ್ಲ ಅಂತ ಬರದುಕೊಡಾಕ ನಮ್ಮಲ್ಲಿ ಫಾರ್ಮ್ ಇಲ್ರಿ” ಎಂದರು. “ಕಳವಾಗಿತ್ತು, ಸಿಕ್ಕೈತಿ, ಮಾಲಕರಿಗೆ ಒಪ್ಪಿಸೇವಿ ಅಂತ ಐತಿ. ಅದನ್ನ ಬೇಕಾದ್ರ ಈಗ ಕೊಡತೇನಿ.”

“ಆದ್ರ ಕಳವ ಆಗಿಲ್ಲಲ್ರಿ ಫೌಜದಾರ್ರ” ಎಂದರು ಅಧ್ಯಕ್ಷರು.

“ಕಳವಾಗಲಿಲ್ಲಂದ್ರ ಸಿಗೂದು ಹ್ಯಾಂಗ್ರಿ? ನೀವ ಹೇಳ್ರಿ.”

ಕಂಪನಿಗೆ ಬೇಕಾದದ್ದು ಕಾರು ಈಗ ನಮ್ಮ ವಶದಲ್ಲಿದೆ ಎಂಬುದಷ್ಟೇ, ಆ ಮಾತು ಈ ಫಾರ್ಮಿನಲ್ಲೂ ಇದೆ ಎಂದು ತ್ರ್ಯಂಬಕರಾಯರು ತೋರಿಸಿಕೊಟ್ಟರು. ಅಧ್ಯಕ್ಷರು ಫಿರ್ಯಾದಿ ಬರೆಸಿದರು. ಬಣ್ಣ ಬಿಳಿ, ನಾಲ್ಕು ಬಾಗಿಲು, ಒಳಗೆ ಮಾತಾಡದ ರೇಡಿಯೋ. ಫೌಜದಾರರು ಎದ್ದು ಹೋಗಿ ಕಿಟಕಿಯಿಂದ ನೋಡಿದರು.

“ಆ ಬೇವಿನ ಗಿಡದ ಕೆಳಗ ನಿಂತೈತಲ್ರಿ, ಅದ ಏನ್ರಿ?”

“ಹೌದ್ರಿ, ಅದ.”

“ಸಿಕ್ತು ಬಿಡ್ರಿ” ಎಂದು ಫೌಜದಾರರು ಅಧ್ಯಕ್ಷರ ಕೈಕುಲುಕಿದರು. ಅಧ್ಯಕ್ಷರ ಮುಖದಲ್ಲಿ ನಿಜವಾದ ಸಮಾಧಾನ ಕಂಡಿತು. ಕಳೆದುಕೊಂಡ ಕಾರು ಇಷ್ಟು ಬೇಗ ಸಿಗುತ್ತದೆಂದು ಅವರು ಎಣಿಸಿರಲಿಲ್ಲ.

ಫಾರ್ಮಿನಲ್ಲಿ ಇನ್ನೊಂದು ಕಾಲಂ ಉಳಿದಿತ್ತು. “ಆರೋಪಿ ಹೆಸರು ಖಾಲಿ ಬಿಡಾಕ ಬರಂಗಿಲ್ರಿ” ಎಂದರು ಫೌಜದಾರರು. “ಕಾರಿನ್ಯಾಗ ಯಾರ ಅದಾರ?”

ಕಾರಿನಲ್ಲಿ ಬಾಳಪ್ಪ ಇದ್ದ. ಸ್ಟೇರಿಂಗ್ ಒರೆಸುತ್ತಿದ್ದವನನ್ನು ಒಳಗೆ ಕರೆದರು.

“ಬಾಳಪ್ಪ, ಸ್ವಲ್ಪ ಹೊತ್ತು ಕಳ್ಳ ಆಗ್ತಿ ಏನು?” ಎಂದು ಅಧ್ಯಕ್ಷರು ಮೆತ್ತಗೆ ಕೇಳಿದರು. “ಕಾಗದದಾಗ ಅಷ್ಟ.”

ಬಾಳಪ್ಪ ನನ್ನ ಮುಖ ನೋಡಿದ. “ಖಾಯಂ ಆಗಾಕ ಇದೂ ಬೇಕೇನ್ರಿ ಸಾಹೇಬ್ರ?”

“ರೇಡಿಯೋ ಮಾತಾಡಬೇಕಂದ್ರ ಬೇಕು” ಎಂದರು ಅಧ್ಯಕ್ಷರು.

“ಹಂಗಾರ ಆಗ್ತೇನ್ರಿ” ಎಂದು ಅವನು ತೋರಿಸಿದಲ್ಲಿ ಸಹಿ ಮಾಡಿದ. ಇನ್ನು ಮೇಲೆ ಸರಿಯಾಗಿ ಬಾಳು ಎಂದು ಫೌಜದಾರರು ಅವನಿಗೆ ಬುದ್ಧಿ ಹೇಳಿ ಬಿಟ್ಟುಬಿಟ್ಟರು. ನಮಗೆ ಪ್ರಮಾಣಪತ್ರ ಕೈಸೇರಿತು. ಊರಿಗೆ ತಿರುಗಿ ಕಾರು ನಡೆಸಿದವನೂ ಬಾಳಪ್ಪನೇ. ಹೋಗುವಾಗ ಹಿಂದಿನ ಸೀಟಿನಲ್ಲಿ ಬಿದ್ದಿದ್ದ ತಮ್ಮ ಕೈಚೀಲವನ್ನು ಬರುವಾಗ ಅಧ್ಯಕ್ಷರು ದಾರಿಯುದ್ದಕ್ಕೂ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಪುಷ್ಯ ಮಾಸದಲ್ಲಿ ಕಂಪನಿಯಿಂದ ಅರಗಿನ ಮುದ್ರೆ ಒತ್ತಿದ ಲಕೋಟೆ ಬಂತು. ಮೇಲೆ ಒಂದು ಸೂಚನೆ ಇತ್ತು: ‘ಅತಿ ಗುಪ್ತ. ಈ ಸಂಖ್ಯೆಯು ಯಾವ ಕಾರಣಕ್ಕೂ ಕಳ್ಳರಿಗೆ ತಿಳಿಯಕೂಡದು.’ ಅಧ್ಯಕ್ಷರು ಓದಿದರು, ತ್ರ್ಯಂಬಕರಾಯರು ಓದಿದರು. ಕೂಡಲೇ ಕಾರ್ಯಕಾರಿ ಸಮಿತಿಯ ತುರ್ತು ಸಭೆ ಕರೆಯಲಾಯಿತು.

ತೊಡಕು ಏನೆಂಬುದು ಈ ಹೊತ್ತಿಗೆ ನಿಮಗೂ ತಿಳಿದಿರಬೇಕು. ಸಂಖ್ಯೆ ತಿಳಿಯಬಹುದಾದವರು ಏಳನೆಯ ನಿಯಮದ ಪ್ರಕಾರ ಗುಂಡಿ ಮುಟ್ಟುವಂತಿಲ್ಲ. ಗುಂಡಿ ಮುಟ್ಟಬಹುದಾದವನು ಸರಕಾರಿ ದಾಖಲೆಯ ಪ್ರಕಾರ ಕಳ್ಳ. ಅವನಿಗೆ ಸಂಖ್ಯೆ ತಿಳಿಯುವಂತಿಲ್ಲ. ನಿಯಮವನ್ನು ತಿದ್ದಬೇಕೆಂದರೆ ಮಹಾಸಭೆ ಕರೆಯಬೇಕು. ಮಹಾಸಭೆ ಕರೆಯುವ ದೊಡ್ಡ ಕೋಣೆಯ ಮೇಲೆ ಹಂಚು ಇಲ್ಲ.

“ಬಾಳಪ್ಪನ ಕಣ್ಣಿಗೆ ಅರಿವಿ ಕಟ್ಟೂಣು. ನಾ ಅವನ ಬೆರಳ ಹಿಡದು ಒತ್ತಸ್ತೇನಿ” ಎಂದು ತ್ರ್ಯಂಬಕರಾಯರು ಒಂದು ಸಲಹೆ ಮುಂದಿಟ್ಟರು.

ಹಿರಿಯ ಸದಸ್ಯರಾದ ಈರಣ್ಣನವರು ಎದ್ದು ನಿಂತು ವಿರೋಧಿಸಿದರು. “ಒತ್ತಿದ್ದು ಬೆರಳಿಗೆ ಗೊತ್ತಾಗಂಗಿಲ್ಲೇನ್ರಿ? ಬೆರಳ ಯಾರದು? ಕಳ್ಳಂದು.” ಸಭೆ ಈ ಮಾತನ್ನು ಒಪ್ಪಿತು. ಸಂಖ್ಯೆಯನ್ನು ತಿಜೋರಿಯಲ್ಲಿಟ್ಟು, ಅದರ ರಕ್ಷಣೆಗಾಗಿ ಸಂಖ್ಯಾ ಸಂರಕ್ಷಣಾ ಉಪಸಮಿತಿಯನ್ನು ರಚಿಸಲಾಯಿತು. ಉಪಸಮಿತಿಯ ಸದಸ್ಯರಿಗೆ ಪ್ರವಾಸ ಭತ್ಯೆ ಇದೆ. ತಿಜೋರಿ ಇರುವುದು ಪಕ್ಕದ ಕೋಣೆಯಲ್ಲಿ.

ಈ ನಡುವೆ ಬಾಳಪ್ಪನ ಫೈಲನ್ನು ನಾನಾಗಿಯೇ ಬಿಚ್ಚಿ ನೋಡಿದೆ. ಅಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಪೊಲೀಸ್ ದಾಖಲೆಯಲ್ಲಿ ಹೆಸರಿರುವ ನೌಕರನನ್ನು ಖಾಯಂ ಮಾಡಬಾರದೆಂದು ಸೇವಾ ನಿಯಮ ಹೇಳುತ್ತದೆ. ರೇಡಿಯೋಗಾಗಿ ಕಳ್ಳನಾದ, ಕಳ್ಳನಾದ್ದರಿಂದ ರೇಡಿಯೋ ಹೋಯಿತು, ಈಗ ನೌಕರಿಯೂ ಹೋಗುವ ಹಾಗೆ ಇತ್ತು. ಇದನ್ನು ನಾನೇ ಅವನಿಗೆ ಹೇಳಬೇಕಾಯಿತು. ಅವನು ಕೇಳಿಸಿಕೊಂಡು ಮನೆಗೆ ಹೋದ. ಮರುದಿನ ಅವನ ಹೆಂಡತಿ ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಅಧ್ಯಕ್ಷರ ಕೋಣೆಗೆ ಬಂದಳು.

“ಶಿವರಾತ್ರಿ ಬಂತ್ರಿ ಯಪ್ಪಾ. ಹುಡುಗಿ ಊಟಾ ಬಿಟ್ಟು ಕುಂತಾಳ. ನಮ್ಮನ್ಯಾವ್ರು ನಿಮ್ಮ ಸಂಬಂಧ ಕಳ್ಳ ಆದ್ರು. ಮತ್ತೇನ ಆಗಬೇಕ್ರಿ ಅವ್ರು?”

“ನನ್ನ ಕೈಯಾಗ ಏನೈತಿ ತಂಗಿ” ಎಂದರು ಅಧ್ಯಕ್ಷರು. “ರೇಡಿಯೋ ಮಾತಾಡವಲ್ದು.”

ಕಾಶವ್ವನಿಗೆ ರೇಗಿಹೋಯಿತು. “ಮಾತಾಡೂದ ಬೇಕಲ್ರಿ ನಿಮಗ? ಇವ್ರು ಮನ್ಯಾಗ ಹಗಲೆಲ್ಲಾ ಮಾತಾಡ್ತಾರ. ಧಾರವಾಡ ಕೇಂದ್ರದಾವ್ರರೆ ನಡುವ ಉಸರ ತಗೋತಾರ, ಇವ್ರು ತಗೋಳಂಗಿಲ್ಲ. ಒಯ್ದು ಇವ್ರನ್ನ ಹಚ್ಚಿಕೊಳ್ರಿ ಹಂಗಾರ!”

ಹೇಳಿ ಅಳುತ್ತ ಹೊರಟುಹೋದಳು. ಸಿಟ್ಟಿನಲ್ಲಿ ಆಡಿದ ಮಾತೆಂದು ಯಾರಾದರೂ ಬಿಟ್ಟುಬಿಡುತ್ತಿದ್ದರು. ನಾನು ಕಾರಕೂನ, ಯಾವ ಮಾತನ್ನೂ ಪ್ರಸ್ತಾವನೆ ಎಂದೇ ಕೇಳಿಸಿಕೊಳ್ಳುವುದು ನನ್ನ ಅಭ್ಯಾಸ. ಸೇವಾ ನಿಯಮವನ್ನು ಮತ್ತೊಮ್ಮೆ ಓದಿದೆ. ನೌಕರನಿಗೆ ಪೊಲೀಸ್ ದಾಖಲೆ ಇರಬಾರದು ಎಂದಿತ್ತು. ಸಾಮಾನಿಗೆ ಇರಬಾರದೆಂದು ಎಲ್ಲಿಯೂ ಇರಲಿಲ್ಲ. ಕೂಡಲೇ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ.

ಅಧ್ಯಕ್ಷರು ಪರೀಕ್ಷೆ ಇಲ್ಲದೆ ಸಹಿ ಹಾಕುವವರಲ್ಲ. ಬಾಳಪ್ಪನನ್ನು ಸ್ಟೇರಿಂಗ್ ಮುಂದೆ ಕೂಡ್ರಿಸಿ, ತಾವು ಹಿಂದೆ ಕುಳಿತು, “ಹಚ್ಚು” ಎಂದರು. ಬಾಳಪ್ಪನ ಕೊರಳು ಮೊದಲು ಸ್ವಲ್ಪ ಗೊರಗೊರ ಎಂದಿತು. ಹಳೆಯ ರೇಡಿಯೋ ಕೂಡ ಬಿಸಿಯಾಗುವವರೆಗೆ ಹಾಗೆಯೇ ಮಾಡುತ್ತಿತ್ತೆಂದು ತ್ರ್ಯಂಬಕರಾಯರು ಸಮರ್ಥಿಸಿದರು. ಆಮೇಲೆ ದನಿ ಸ್ವಚ್ಛವಾಗಿ ಬಂತು.

“ವಾರ್ತೆಗಳು. ಬೆಳಗಾವಿ ಪೇಟೆಯಲ್ಲಿ ಇಂದು ಬಟಾಟೆ ಧಾರಣೆ ಇಳಿದಿದೆ. ಖಾನಾಪುರದಲ್ಲಿ ಹಂಚು ಮಂಡಳದ ಅಧ್ಯಕ್ಷ ಶ್ರೀ ಚನ್ನಬಸಯ್ಯನವರು ಇಂದು ಬೆಳಿಗ್ಗೆ ಕಾರಿನಲ್ಲಿ ಕುಳಿತುಕೊಂಡರು. ಅವರು ಆರೋಗ್ಯವಾಗಿದ್ದಾರೆ.”

ಅಧ್ಯಕ್ಷರು ಮುಂದಕ್ಕೆ ಬಾಗಿದರು. “ಸ್ವಲ್ಪ ದೊಡ್ಡದ ಮಾಡು.”

ಬಾಳಪ್ಪ ದೊಡ್ಡದು ಮಾಡಿದ. ಕಚೇರಿಯ ಎದುರಿನ ಓಣಿಯ ಜನ ಹೊರಗೆ ಬಂದು ನಿಂತರು. ಅಧ್ಯಕ್ಷರು ತೆರೆದ ಕಿಟಕಿಯಿಂದಲೇ ಅವರಿಗೆ ನಮಸ್ಕಾರ ಮಾಡಿದರು. ಎಷ್ಟೋ ವರ್ಷ ಕೇಳಿದರೂ ಧಾರವಾಡ ಕೇಂದ್ರ ಒಂದು ಸಲವೂ ಅವರ ಹೆಸರು ಹೇಳಿರಲಿಲ್ಲ. ಇದು ಮೊದಲ ದಿನವೇ ಹೇಳಿತ್ತು. ವಾರ್ತೆ ಮುಗಿದು ಭಜನೆಯ ಪದ ಬರುವ ಹೊತ್ತಿಗೆ ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಪೆನ್ನನ್ನೇ ಕಸಿದುಕೊಂಡು ಆರ್ಡರಿಗೆ ಸಹಿ ಮಾಡಿದರು. ಆರ್ಡರಿನ ಮುಖ್ಯ ಭಾಗ ಇಲ್ಲಿದೆ:

‘ಮಂಡಳದ ಕಾರಿಗೆ ಬಾಳಪ್ಪ ಎಂಬ ರೇಡಿಯೋವನ್ನು ಖಾಯಂ ಆಗಿ ಅಳವಡಿಸಲಾಗಿದೆ. ಸದರಿ ರೇಡಿಯೋಗೆ ಪ್ರತಿ ತಿಂಗಳು ಚಾಲಕನ ಪಗಾರಕ್ಕೆ ಸಮನಾದ ದುರಸ್ತಿ ಖರ್ಚು ಕೊಡತಕ್ಕದ್ದು. ಸದರಿ ರೇಡಿಯೋ ಕಾರನ್ನೂ ನಡೆಸುವುದನ್ನು ಅದರ ಹೆಚ್ಚಿನ ಗುಣವೆಂದು ತಿಳಿಯತಕ್ಕದ್ದು. ಕೆಮ್ಮು, ನೆಗಡಿಯ ದಿನಗಳನ್ನು ಪ್ರಸಾರದ ಅಡಚಣೆ ಎಂದು ಪರಿಗಣಿಸತಕ್ಕದ್ದು.’

ಸಾಮಾನುಗಳ ರಜಿಸ್ಟರಿನಲ್ಲಿ ಬಾಳಪ್ಪನ ಹೆಸರನ್ನು ಗೋಡೆ ಗಡಿಯಾರದ ಕೆಳಗೆ, ಎರಡು ಬೆಂಚುಗಳ ಮೇಲೆ ಬರೆದುಕೊಂಡೆವು. ಕಾರಿನಲ್ಲಿದ್ದ ಹಳೆಯ ರೇಡಿಯೋವನ್ನು ಮಾತಾಡದ ರೇಡಿಯೋ ಎಂದು ಬೇರೆ ಬರೆದಿದ್ದೇವೆ. ಅದರ ಸಂಖ್ಯೆಯನ್ನು ಉಪಸಮಿತಿ ಇಂದಿಗೂ ಕಾಯುತ್ತಿದೆ.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗಲೇ ಆರ್ಡರ್ ತೆಗೆದುಕೊಂಡು ನಾನು, ಬಾಳಪ್ಪ, ಕಾಶವ್ವ ಮಹಾಂತೇಶ ನಗರಕ್ಕೆ ಹೋದೆವು. ಗುರುಪುತ್ರಪ್ಪನವರು ಚಷ್ಮಾ ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಮೊದಲು ಶಿಕ್ಕಾ ನೋಡಿದರು. ನಿಚ್ಚಳವಿತ್ತು. ಆಮೇಲೆ ಓದಲು ತೊಡಗಿದರು. ಬಾಳಪ್ಪ ಚಾಪೆಯ ಅಂಚನ್ನು ಕೀಳುತ್ತ ಕುಳಿತಿದ್ದ. ಅಡುಗೆಮನೆಯಲ್ಲಿ ಬಳೆಗಳ ಸದ್ದು ನಿಂತುಹೋಗಿತ್ತು.

“ನೌಕರ ಅಂತ ಇಲ್ಲಲ್ರಿ. ರೇಡಿಯೋ ಅಂತ ಐತಿ.”

“ಐತ್ರಿ” ಎಂದೆ ನಾನು. “ಆದ್ರ ಖಾಯಂ ಅಂತನೂ ಐತ್ರಿ.”

“ಅದು ಐತಿ.” ಗುರುಪುತ್ರಪ್ಪನವರು ಕಾಗದ ಕೆಳಗಿಟ್ಟು ಯೋಚಿಸಿದರು. “ನೌಕರನ್ನ ಸಸ್ಪೆಂಡ್ ಮಾಡ್ತಾರ. ರೇಡಿಯೋನ್ನ?”

“ಬರಂಗಿಲ್ರಿ.”

“ವರ್ಗ?”

“ಕಾರ ಹ್ವಾದಲ್ಲಿ ಅಷ್ಟ್ರಿ.”

“ನಿವೃತ್ತಿ?”

ಈ ಪ್ರಶ್ನೆಗೆ ನಾನು ಹೆದರಿದ್ದೆ. ಆದರೆ ಕಚೇರಿಯ ಮನುಷ್ಯನಿಗೆ ಕಚೇರಿಯ ಮನುಷ್ಯ ಸುಳ್ಳು ಹೇಳಬಾರದು. “ನಿವೃತ್ತಿ ಇಲ್ರಿ. ಸಾಮಾನಿಗೆ ನಿವೃತ್ತಿ ಬರಂಗಿಲ್ಲ. ಕೆಟ್ಟು ನಿಂತ್ರ ಹರಾಜ ಹಾಕತಾರ.”

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಳಪ್ಪ ತಲೆ ಎತ್ತಲಿಲ್ಲ. ಗುರುಪುತ್ರಪ್ಪನವರು ಆರ್ಡರನ್ನು ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಜೇಬಿನಲ್ಲಿ ತಾವೇ ಇಟ್ಟು, ನನ್ನ ಕಡೆ ತಿರುಗಿದರು.

“ಹರಾಜಿನ ದಿವಸ ನಮಗ ಮೊದಲ ತಿಳಸ್ರಿ” ಎಂದರು. “ಬೀಗರನ್ನ ಮಂದಿ ಮನಿಗೆ ಹೋಗಾಕ ಬಿಡಾಕ ಆಗತೈತೇನ್ರಿ? ಎಷ್ಟಾದ್ರೂ ಆಗವಲ್ದ್ಯಾಕ, ಹರಾಜ ನಾವ ಹಿಡೀತೇವಿ.”

ಒಳಗಿನಿಂದ ಸಕ್ಕರೆಯ ತಾಟು ಬಂತು. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡೆವು.